ಕಾಸಿಲ್ದಾಳ ಗಂಟಲು

೧
ಎಲ್ಲಿಂದ ಶುರು ಮಾಡಲಿ? "ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ ಕಾಸಿಲ್ದಾಳಿಗೆ ಹತ್ತೊಂಬತ್ತು" ಎಂದು ಬರೆದೆ.

"ಹದಿನೇಳು," ಎಂದಳು ನನ್ನ ಕಥೆಯ ನಟಿ ಕಾಸಿಲ್ದಾ, ಕಾಗದದೊಳಗಿಂದಲೇ. ಎಪ್ಪತ್ತೊಂಬತ್ತಾದರೂ ವಯಸ್ಸಿನಲ್ಲಿ ಚೌಕಾಸಿ ಬಿಟ್ಟಿಲ್ಲ. ಆ ವಾಕ್ಯ ಹೊಡೆದುಹಾಕಿದ್ದೇನೆ. ನೀವೂ ಮರೆತುಬಿಡಿ.

೨
ಗಂಟಲಿನಿಂದಲೇ ಶುರು ಮಾಡೋಣ. ನಟಿಸಿದ್ದು ನಲವತ್ತೊಂದು ಸಿನಿಮಾ, ಒಂದರಲ್ಲೂ ಅವಳ ದನಿ ಇಲ್ಲ. ಆಗ ಮ್ಯಾಡ್ರಿಡ್‌ನ ಪದ್ಧತಿಯೇ ಹಾಗಿತ್ತು: ಮುಖ ಒಬ್ಬರದು, ಮಾತು ಇನ್ನೊಬ್ಬರದು. ಕಾಸಿಲ್ದಾ ಕಾದಿಸ್ ಬಂದರಿನಲ್ಲಿ ಮೀನು ಮಾರುವವಳ ಮಗಳು. "ಮುಖ ರಾಣಿಯದು, ಗಂಟಲು ಮೀನು ಮಾರ್ಕೆಟ್ಟಿನದು" ಎಂದ ನಿರ್ದೇಶಕ, ವಿಸಿ ಎಂಬ ಹುಡುಗಿಯನ್ನು ಕರೆತಂದು ಮೈಕಿನ ಮುಂದೆ ಕೂರಿಸಿದ. ಆ ದನಿಗೆ ಇಡೀ ಸ್ಪೇನ್ ಕರಗಿತು.

(ಡಬ್ಬಿಂಗ್ ಬೇಡವೆಂದು ಬೀದಿಗಿಳಿದ ನಾಡಿನ ಓದುಗರು ಸಮಾಧಾನದಿಂದಿರಿ. ಮಾಡಿದ್ದು ನಾನಲ್ಲ.)

ಬ್ರೆಡ್ ಅಂಗಡಿಯ ಯುಸೇಬಿಯೊ ಅವಳ ನಿಜವಾದ ದನಿ ಕೇಳಿದಾಗಲೆಲ್ಲ, ಮೂವತ್ತು ವರ್ಷದಿಂದ, ಕೇಳುತ್ತಲೇ ಇದ್ದಾನೆ: "ಅಮ್ಮಾವ್ರೇ, ಶೀತ ಇನ್ನೂ ಹೋಗ್ಲಿಲ್ವಾ? ಬಿಸಿ ಹಾಲಿಗೆ ಜೇನು ಹಾಕ್ಕೊಂಡು ಕುಡೀರಿ." ಅವಳು ತಲೆಯಾಡಿಸಿ ಬರುತ್ತಾಳೆ.

೩
ಭಾನುವಾರ ಮಧ್ಯಾಹ್ನ ಬಡಾವಣೆಯ ಹಳೇ ಚಿತ್ರಮಂದಿರದಲ್ಲಿ ಅವಳಿಗೆ ಸನ್ಮಾನ. ಬೆಳ್ಳಿ ತಟ್ಟೆ ಕೊಡುತ್ತಾರಂತೆ. ಆಮೇಲೆ ಅವಳು ಎರಡು ಮಾತಾಡಬೇಕು. ಎರಡೇ. ಆದರೆ ಸ್ವಂತ ಗಂಟಲಲ್ಲಿ. ಕೊನೆಗೆ ಫೋನ್ ಎತ್ತಿದಳು.

"ವಿಸಿ, ಪರದೆ ಹಿಂದೆ ಕೂತ್ಕೊಳ್ಳೇ. ನೀನು ಮಾತಾಡು, ನಾನು ತುಟಿ ಆಡಿಸ್ತೀನಿ."

"ಇಪ್ಪತ್ತೈದು ವರ್ಷ ನಿನ್ನ ತುಟಿ ಹಿಂದೆ ಓಡಿದ್ದು ಸಾಕು. ಒಂದು ಪೋಸ್ಟರ್‌ನಲ್ಲಾದ್ರೂ ನನ್ನ ಹೆಸರು ಹಾಕ್ಸಿದ್ಯಾ?"

"ಹಾಕ್ಸಿದ್ರೆ ದನಿ ನಂದಲ್ಲ ಅಂತ ಗೊತ್ತಾಗ್ತಿತ್ತಲ್ಲೇ!"

"ಈಗ ಗೊತ್ತಾಗ್ಲಿ ಬಿಡು. ಬರ್ತೀನಿ. ಮೂರನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತೀನಿ. ಅಷ್ಟೇ."

೪
ಅಂತ್ಯ ಅ: ವೇದಿಕೆಯಲ್ಲಿ ಕಾಸಿಲ್ದಾ ಮೂರ್ಛೆ ಹೋದಳು. ("ಥೂ, ಆರು ಸಿನಿಮಾದಲ್ಲಿ ಹಾಗೇ ಬಿದ್ದಿದ್ದೀನಿ," ಎಂದಳು ಕಾಸಿಲ್ದಾ. ಕೈಬಿಟ್ಟೆ.)

ಅಂತ್ಯ ಆ: ಅವಳು ವಿಸಿಯ ಹೆಸರು ಹೇಳಿದಳು, ಸಭೆಯೆಲ್ಲ ಅತ್ತಿತು, ಯುಸೇಬಿಯೊ ಎಲ್ಲರಿಗಿಂತ ಜೋರಾಗಿ. ("ಸುಳ್ಳು. ನನ್ನ ಸಿನಿಮಾ ಬಂದ್ರೆ ಅವನು ಗೊರಕೆ ಹೊಡೀತಾನೆ.")

ಅಂತ್ಯ ಇ: ಮೈಕ್ ಕೆಟ್ಟಿತು. ("ಸೋಮಾರಿ!")

"ಹಾಗಾದ್ರೆ ಆ ಎರಡು ಮಾತು ನಾನೇ ಚೆನ್ನಾಗಿ ಬರ್ಕೊಡ್ತೀನಿ," ಎಂದೆ.

ಕಾಸಿಲ್ದಾ ನನ್ನನ್ನೇ ನೋಡಿದಳು. "ಮೊದಲಿಂದ ಅದನ್ನೇ ತಾನೇ ಮಾಡ್ತಿರೋದು? ನಾನು ಯಾವತ್ತಪ್ಪಾ ಕನ್ನಡ ಮಾತಾಡಿದ್ದೆ? ತುಟಿ ನಂದು, ಮಾತೆಲ್ಲ ನಿಂದು."

(ಡಬ್ಬಿಂಗ್ ಮಾಡಿದ್ದು ನಾನಲ್ಲ ಎಂದು ಮೇಲೆ ಆವರಣದಲ್ಲಿ ಹೇಳಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.)

೭
(೫, ೬ ಹರಿದೆ. ಎರಡರಲ್ಲೂ ಅವಳ ಭಾಷಣವಿತ್ತು.)

ಭಾನುವಾರ. ಮೂರನೇ ಸಾಲಿನಲ್ಲಿ ವಿಸಿ, ತೊಡೆಯ ಮೇಲೆ ಕೈಚೀಲ. ಪಕ್ಕದಲ್ಲಿ ಜೇನಿನ ಬಾಟಲಿ ಹಿಡಿದ ಯುಸೇಬಿಯೊ. ಕಾಸಿಲ್ದಾ ಬೆಳ್ಳಿ ತಟ್ಟೆ ಅತ್ತಿತ್ತ ತಿರುಗಿಸಿದಂತೆ, ಅದರ ಬೆಳಕು ಚಾವಣಿಯ ಮೇಲೆಲ್ಲ ಓಡಾಡುತ್ತಿತ್ತು. ಅವಳು ಮೈಕ್ ಹತ್ತಿರ ಎಳೆದುಕೊಂಡು ವಿಸಿಯನ್ನು ಹುಡುಕಿ ನೋಡಿದಳು. ಉಸಿರೆಳೆದಳು. ಆ ಉಸಿರೇ ಗರಗಸದಂತೆ ಸಭೆಯ ತುಂಬ ಕೇಳಿಸಿತು.

ಯುಸೇಬಿಯೊ ಬಾಟಲಿ ಎತ್ತಿಕೊಂಡು ಎದ್ದ. ವಿಸಿ ಅವನ ಕೋಟು ಜಗ್ಗಿ ಕೂರಿಸಿದಳು.

"ಕೂತ್ಕೊಳ್ಳಯ್ಯಾ. ಅದು ಶೀತ ಅಲ್ಲ."

ಕಾಸಿಲ್ದಾ ಬಾಯಿ ತೆರೆದಳು. ನಾನು ನನ್ನದು ಮುಚ್ಚಿದೆ.