ಬಲಗೈ ಎದ್ದರೆ ಹೌದು

ರುದ್ರಸ್ವಾಮಿಯ ಕೈಕಾಲು ತಾವಾಗಿಯೇ ಕುಣಿಯತೊಡಗಿದಾಗ ಅದೇನೆಂದು ಹೂಗ್ಯ ಊರಿನ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವನಪ್ಪ ಗುರುಸಿದ್ದಯ್ಯನಿಗೂ ಹೀಗೇ ಆಗಿತ್ತಲ್ಲ! ಅಪ್ಪನ ಮೈಮೇಲೆ ಬರುತ್ತಿದ್ದ ದೇವರು, ಅಪ್ಪ ಸತ್ತ ಮೇಲೆ ಮಗನನ್ನು ಹುಡುಕಿಕೊಂಡು ಬಂತು ಎಂದರು. ಸೋಮವಾರ ಬಂತೆಂದರೆ ಎಲೆಅಡಿಕೆ ಹಿಡಿದು ಜಗಲಿಯಲ್ಲಿ ಜಮಾಯಿಸುತ್ತಿದ್ದರು. ಮಗಳ ಸಂಬಂಧ ಕೂಡುತ್ತದೋ, ಬೋರಲ್ಲಿ ನೀರು ಬೀಳುತ್ತದೋ, ಕೇಳುವುದಕ್ಕೇನು ಬರವೇ? ಬಲಗೈ ಮೊದಲು ಎದ್ದರೆ ಹೌದು, ಎಡಗೈ ಎದ್ದರೆ ಇಲ್ಲ. ಮೂವತ್ತು ದಾಟಿದ ಗಂಡಸು, ಮಾತು ತೊದಲಿ ನಿಂತೇ ಹೋಗಿತ್ತು, ನೆಟ್ಟಗೆ ಕೂರಲೂ ಆಗದೆ ವಾಲುತ್ತಿದ್ದ. ತಾಯಿ ಪುಟ್ಟಮಾದಮ್ಮ ಹಿಂದೆ ಕೂತು ಅವನ ಬೆನ್ನಿಗೆ ಆಸರೆಯಾಗುತ್ತಿದ್ದಳು. ಇಬ್ಬರಿಗೂ ಸೇರಿಸಿ ಒಂದೇ ದುಪ್ಪಟಿ ಹೊದೆಯುತ್ತಿದ್ದಳು.

ಮಗಳು ಯಶೋದಳನ್ನು ಕೊಳ್ಳೇಗಾಲಕ್ಕೆ ಕೊಟ್ಟಿತ್ತು. ಅಣ್ಣನನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲೇಬೇಕೆಂದು ಹಟ ಹಿಡಿದವಳು ಅವಳೇ. ಮಿದುಳು ಸವೆಯುವ ಕಾಯಿಲೆ ಎಂದರು ಡಾಕ್ಟರು. ಅಪ್ಪನಿಂದ ಬಂದದ್ದು, ವಾಸಿಯಾಗುವುದಿಲ್ಲ. ತಂಗಿಗೂ ಇರಬಹುದು, ಇಲ್ಲದೆಯೂ ಇರಬಹುದು, ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಯಶೋದ ಆಗ ಬಸುರಿ. ಅವಳಿಗಿದ್ದರೆ ಕೂಸಿಗೂ ದಾಟಬಹುದು, ತಡಮಾಡಬೇಡಿ ಎಂದರು.

ಪುಟ್ಟಮಾದಮ್ಮನಿಗೆ ಅಳು ಬರಲಿಲ್ಲ. ಗಂಡ ಇರುವ ತನಕ ಅವನ ಕಾಲು ತೊಳೆದ ನೀರನ್ನು ತಲೆಗೆ ಚಿಮುಕಿಸಿಕೊಂಡವಳು. ಅದು ದೇವರೇ ಅಲ್ಲವೆಂದರೆ ಯಾವುದಕ್ಕೆ ಅಂತ ಅಳುವುದು? ಬಸ್ಸಿನಲ್ಲಿ ಹಸಿವಾಯಿತು, ಪುರಿ ತಿಂದಳು. ಸೋಮವಾರ ಜನ ಮತ್ತೆ ಬಂದರು. ಇದು ಕಾಯಿಲೆ, ಎದ್ದುಹೋಗಿ ಎನ್ನಲು ಅವಳ ಮೈಯಲ್ಲಿ ಕಸುವಿರಲಿಲ್ಲ. ದುಪ್ಪಟಿ ಹೊದ್ದು ಕೂತಳು. ಅವಳು ಕೂತರೆ ಸಾಕಿತ್ತು, ಕೈಗಳು ತಮ್ಮ ಪಾಡಿಗೆ ತಾವು ಏಳುತ್ತಿದ್ದವು.

ಅಂಥದ್ದೇ ಒಂದು ಸೋಮವಾರ, ಜನವೆಲ್ಲ ಚದುರಿದ ಮೇಲೆ ಯಶೋದ ಬಂದಳು.

"ನಾಳ ರಕ್ತ ಕೊಡಾಕ ಬಾ ಅಂದವ್ರೆ ಕನವ್ವ," ಎಂದವಳೇ ಅಣ್ಣನ ಮುಂದೆ ಮಂಡಿಯೂರಿದಳು.

"ಇದೇನವ್ವ? ಕಾಯ್ಲೆ ಅಂತ ಕರ್ಕಂಡೋದವ್ಳೇ ನೀನು."

"ಗೊತ್ತು ಕನವ್ವ. ಕೇಳುದ್ರ ಓಗದೇನು?" ಯಶೋದ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದು ಕೇಳಿದಳು, "ಅಣ್ಣ, ಇದು ನನ್ನೊಳ್ಗೂ ಅದಾ?"

ಮಗನ ಬಲದೋಳು ಅದುರಿದ್ದು ಪುಟ್ಟಮಾದಮ್ಮನ ಎದೆಗೆ ತಾಗಿತು. ದೇವರೂ ಇಲ್ಲ, ಮಣ್ಣೂ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ದುಪ್ಪಟಿಯೊಳಗೆ ಆ ಬಲಗೈಯನ್ನು ತನ್ನೆರಡೂ ಕೈಯಿಂದ ಅವುಚಿ ಹಿಡಿದಳು. ಹಾಳಾದ್ದು, ಎಷ್ಟು ಬಲ ಅದಕ್ಕೆ! ಅಷ್ಟರಲ್ಲಿ ಎಡಗೈ ದುಪ್ಪಟಿ ಸರಿಸಿಕೊಂಡು ಮೇಲೆದ್ದಿತು.

ಯಶೋದ ಮುಖ ಮುಚ್ಚಿಕೊಂಡು ಅತ್ತಳು, ಹಾಗೆಯೇ ನಕ್ಕಳು.

"ಇಲ್ಲ ಅಂತು ಕನವ್ವ. ಇನ್ಯಾಕ ರಕ್ತ ಗಿಕ್ತ? ನಾಳ ಓಗಲ್ಲ ನಾನು."

"ಊಂ," ಎಂದಳು ಪುಟ್ಟಮಾದಮ್ಮ. ದುಪ್ಪಟಿಯೊಳಗೆ ಬಲಗೈ ಇನ್ನೂ ಕೊಸರಾಡುತ್ತಿತ್ತು. ಬಿಡಲು ಅವಳಿಗೆ ಧೈರ್ಯ ಬರಲಿಲ್ಲ.