ದಫೇದಾರ ಹಾಲಪ್ಪ ಸತ್ತ ಕಂತು

ಪೂರ್ತಿ ಬಿಳಿಯಲ್ಲ ಆ ಬಟ್ಟೆ, ಮೂಲೆಯಲ್ಲಿ ಚಹಾದ ಕಲೆ ಇದೆ, ಮೇಕಪ್ ಕೋಣೆಯ ಕುರ್ಚಿಗೆ ಹೊದಿಸುತ್ತಿದ್ದದ್ದೇ ಇರಬೇಕು ಎಂದುಕೊಂಡ ಮೈಲಾರಿ, ಅದರ ಕೆಳಗೆ ಸತ್ತು ಮಲಗಿರುವುದು ತಾನು ಎಂಬುದು ಆಮೇಲೆ ಹೊಳೆಯಿತು — ತಾನಲ್ಲ, ಹಾಲಪ್ಪ, ‘ಮೂರನೇ ಕದ’ ಧಾರಾವಾಹಿಯ ದಫೇದಾರ ಹಾಲಪ್ಪ, ಹತ್ತು ಹದಿನೈದು ವರ್ಷ ಪತ್ತೇದಾರ ಸಾಹೇಬರ ಹಿಂದೆ ಟಾರ್ಚು ಹಿಡಿದು ನಡೆದವನು, ಆ ಹಾಲಪ್ಪನ ವೇಷ ಹಾಕಿ ಬದುಕಿದವನು ಈ ಮೈಲಾರಿ, ಈಗ ಸೊಕ್ಕೆಯ ತನ್ನ ಮನೆಯಲ್ಲಿ ಅವ್ವ ಭೀಮಕ್ಕ, ಹೆಂಡತಿ ಅಂಬಿಕಾ, ಮಗಳು ಅಕ್ಷಿತಾಳ ನಡುವೆ ಟೀವಿ ನೋಡುತ್ತ ಕೂತಿದ್ದಾನೆ, ಮುಂದೆ ಮಂಡಕ್ಕಿಯ ತಟ್ಟೆ, ಯಾರೂ ಕೈ ಹಾಕುತ್ತಿಲ್ಲ. ವರ್ಗ ಮಾಡ್ತೀವಿ ಅಂದಿದ್ದನಲ್ಲ ಕಥೆ ಬರೆಯುವ ವಿನೋದ್, ಚಾನೆಲ್‌ನವರು ಹೊಸ ಮುಖ ಕೇಳ್ತಿದಾರೆ ಮೈಲಾರಿ, ಬೇಜಾರಾಗಬೇಡಿ, ಹಾಲಪ್ಪನ್ನ ನಿಮ್ಮ ಕಡೆಗೇ ಕಳಿಸೋಣ, ಯಾವೂರು ನೀವೇ ಹೇಳಿ, ನ್ಯಾಮತಿ ಅಂದಿದ್ದ ಇವನು, ಅಂಬಿಕಾಳ ತವರು, ಬಾಯಿಗೆ ಅದೇ ಬಂತು. ಆಮೇಲೆ ವಿನೋದನೇ ಫೋನ್ ಮಾಡಿದ್ದ, ಹಳೇ ಶಾಟ್‌ಗಳಲ್ಲೇ ಹೊಂದಿಸಿದೀವಿ, ಭಾನುವಾರ ಸಂಜೆ ನೋಡಿ. ಜಗಳೂರಿನ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದನಲ್ಲ, ನೋಡ್ರಿ, ಹಾಲಪ್ಪ ನ್ಯಾಮತಿಗೆ ಬರ್ತಾನೆ ಅಂತ, ಈಗ ಅವರೂ ನೋಡುತ್ತಿರುತ್ತಾರೆ, ರಸ್ತೆ ಬದಿಯ ಹೆಣವನ್ನು, ಸಾಹೇಬರು ಟೋಪಿ ತೆಗೆದರು, ಹಾಕಿಕೊಂಡರು, ಕ್ಯಾಮೆರಾದಲ್ಲಿ ಲಾರಿ ನಂಬರ್ ಸಿಕ್ಕಿದೆ ಸರ್ ಎಂದ ಯಾವನೋ, ಅಷ್ಟೇ, ಸೋಪಿನ ಜಾಹೀರಾತು. ಒಂದು ಒಡೆದ ಬಳೆಯ ಹಿಂದೆ ನಾಲ್ಕು ವಾರ ಅಲೆದ ಮನುಷ್ಯ, ತನ್ನ ದಫೇದಾರನ ಜೇಬನ್ನೂ ತಡವಿ ನೋಡಲಿಲ್ಲ.

ನೊಂದದ್ದು ಸತ್ತದ್ದಕ್ಕಲ್ಲ, ಬಣ್ಣ ಹಚ್ಚಿದವನು ಸಾಯಲೇಬೇಕು, ಹೊನ್ನಾಳಿ ಕಡೆ ಕಂಪನಿ ನಾಟಕಗಳಲ್ಲಿ ದಿನಾ ಸತ್ತು ದಿನಾ ಎದ್ದವನೇ ಅವನು — ನೊಂದದ್ದು ಇದಕ್ಕೆ, ಜಾಹೀರಾತಿಗೆ ಮುಂಚೆ ಹಾಲಪ್ಪನ ಜಾಗಕ್ಕೆ ಬಂದ ಆ ಹೊಸ ಹುಡುಗ, ಇಸ್ತ್ರಿ ಖಾಕಿಯವನು, ಮಗನನ್ನು ಕಳೆದುಕೊಂಡ ಮುದುಕಿಯನ್ನು ನಿಲ್ಲಿಸಿಯೇ ಪ್ರಶ್ನೆ ಕೇಳಿದ, ಕುರ್ಚಿ ಪಕ್ಕದಲ್ಲೇ ಖಾಲಿ ಇತ್ತು. ಹಾಲಪ್ಪನಿದ್ದಿದ್ದರೆ ಎಳೆದು ಕೊಡುತ್ತಿದ್ದ, ಕುಂತ್ಕೊಳ್ರಿ, ಆಮ್ಯಾಕೆ ಹೇಳ್ರಿ. ಆ ಮಾತನ್ನು ಯಾರೂ ಬರೆದುಕೊಟ್ಟದ್ದಲ್ಲ, ಮೊದಲ ದಿನ ತಾನಾಗಿ ಬಾಯಿಂದ ಬಂದದ್ದು, ಇರಲಿ ಬಿಡಿ ಚೆನ್ನಾಗಿದೆ ಅಂದಿದ್ದರು, ಬಸ್ಸಿನಲ್ಲಿ ಜನ ಇವನಿಗೇ ಹೇಳಿ ನಗುತ್ತಿದ್ದರು, ಕುಂತ್ಕೊಳ್ರಿ ದಫೇದಾರ್ರೆ. ಅದು ಎಲ್ಲಿಂದ ಬಂತೆಂದು ಅಪ್ಪನಿಗೆ ಗೊತ್ತಿತ್ತು. ಯಾರದೋ ಪಂಪ್‌ಸೆಟ್ ಕಳುವಾದಾಗ ಪೊಲೀಸರು ಮೊದಲು ಕೇರಿಗೇ ಬಂದರು, ಅಪ್ಪ ಧರ್ಮಪ್ಪನನ್ನೇ ಕರೆದೊಯ್ದರು, ಠಾಣೆಯ ಅಂಗಳದ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂರಿಸಿದರು, ಸಂಜೆಗೆ ಪಂಪು ಮಾಲೀಕನ ಭಾವಮೈದುನನ ಮನೆಯಲ್ಲೇ ಸಿಕ್ಕಿತು, ಕೂರು ಅಂದವರು ಏಳು ಅನ್ನಲಿಲ್ಲ, ಅಪ್ಪ ತಾನೇ ಎದ್ದು ಬಂದ. ಮಗ ಖಾಕಿ ಹಾಕಿ ಟೀವಿಯಲ್ಲಿ ಕಂಡ ಮೊದಲ ದಿನ ಅಪ್ಪ ಚಾಪೆಯಿಂದ ಎದ್ದು ನಿಂತುಬಿಟ್ಟ, ಕುಂತ್ಕೊಳಪ್ಪ, ಅದು ನಾಟಕ, ಅಂದರೂ ನಿಂತೇ ಇದ್ದ, ಹೆದರಿಕೆಗೋ ಹೆಮ್ಮೆಗೋ, ಕೇಳುವುದಕ್ಕೆ ಈಗ ಅಪ್ಪನಿಲ್ಲ, ಧಾರಾವಾಹಿಯ ಆ ಮುದುಕಿ ಕಣ್ಣ ಮುಂದೆ ಇನ್ನೂ ನಿಂತೇ ಇದ್ದಾಳೆ.

ಅವ್ವ ಅಳುತ್ತಿರುತ್ತಾಳೆ, ನೀರು ತರಬೇಕು ಎಂದು ತಿರುಗಿದರೆ ಅವಳು ಟೀವಿಯ ಹತ್ತಿರಕ್ಕೆ ಸರಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆ, ಜಾಹೀರಾತು ಮುಗಿದು ಹೆಣ ಮತ್ತೆ ಬಂದಿದೆ, ಬಟ್ಟೆ ಸಾಲದೆ ಎರಡು ಪಾದಗಳು ಹೊರಗೆ. ಇವು ನಿನ್ನ ಕಾಲಲ್ಲ ಬಿಡಪ್ಪ, ಎಣ್ಣೆ ತಿಕ್ಕಿದಾಕೆ ನಾನು, ನಂಗೆ ಗೊತ್ತಾಗಾಕಿಲ್ವಾ. ಎಂದವಳು ನಿರಾಳವಾಗಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ಹೌದು, ಒಡೆದ ಹಿಮ್ಮಡಿ, ಎಡಗಾಲಿನ ಹೆಬ್ಬೆರಳ ಉಗುರು ಕಪ್ಪು, ಯಾರದು, ಅವನ ಬೆರಳು ತಾನಾಗಿ ವಿನೋದನ ನಂಬರ್ ಒತ್ತಿತು, ಬೈಯಬೇಕೆಂದಿದ್ದವನು ಕೇಳಿದ್ದು ಇಷ್ಟೇ, ಅಲ್ಲಿ ಮಲಗಿದ್ದೋರು ಯಾರು? ಅಯ್ಯೋ ಟೀ ಕೊಡೋ ಪರಶುರಾಮ್, ಸಾರಿ ಮೈಲಾರಿ, ನಿಮ್ಮನ್ನ ಅಷ್ಟು ದೂರದಿಂದ ಕರೆಸಿ ಹೆಣ ಮಾಡೋದು ಹೆಂಗೆ ಹೇಳಿ, ಅವನು ಮೊದಲು ಒಲ್ಲೆ ಅಂದ, ಹಾಲಪ್ಪಣ್ಣನ ಜಾಗದಾಗೆ ನಾನು ಹೆಂಗೆ ಮಲಗ್ಲಿ ಅಂತ. ಫೋನಿಟ್ಟ. ಒಲ್ಲೆ ಅಂದನಂತೆ. ಅಪ್ಪ, ಇಲ್ನೋಡು, ಅಕ್ಷಿತಾ ಮೊಬೈಲಿನಲ್ಲಿ ಅದೇ ಕಂತನ್ನು ಹಿಂದಕ್ಕೆ ಸರಿಸಿ ಹಿಡಿದಿದ್ದಾಳೆ, ಹೆಬ್ಬೆರಳು ಅಲ್ಲಾಡ್ತೈತೆ, ಸತ್ತ ಮೇಲೆ. ಸಾಹೇಬರು ಟೋಪಿ ತೆಗೆಯುತ್ತಾರೆ, ಬೆರಳು ಸ್ವಲ್ಪವೇ ಮೇಲೇಳುತ್ತದೆ, ಇನ್ನೊಂದು ಸಲ ಹಾಕು ಎನ್ನುತ್ತಾನೆ ಮೈಲಾರಿ, ಟೋಪಿ, ಬೆರಳು, ಮಲಗಲು ಒಲ್ಲೆ ಅಂದವನ, ಯಾರೂ ಗಮನಿಸದ, ಕಪ್ಪು ಉಗುರಿನ ಆ ಹೆಬ್ಬೆರಳು, ಮೆಲ್ಲಗೆ, ಮೇಲಕ್ಕೆ —