ಇಂಜಿನ್ನಿನ ಮೈ ಮುಟ್ಟಿ ನೋಡುವ ಕೆಲಸ

ಹಿಮ ಬೀಳುವ ಬೆಟ್ಟದೂರಿನ ಆ ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಹೊಗೆಯಣ್ಣ ಅಂತಲೇ ಕರೆಯುತ್ತಿದ್ದರು. ಹಿಂಭಾಗದ ತಗಡಿನ ಶೆಡ್ಡಿನಲ್ಲಿದ್ದ ಡೀಸೆಲ್ ಜನರೇಟರು ಇಪ್ಪತ್ತಾರು ವರ್ಷದಿಂದ ಅವನ ಕೈಯಲ್ಲೇ ಇತ್ತು. ಚಳಿಗಾಲ ಬಂತೆಂದರೆ ಅವನ ಮೊದಲ ಕೆಲಸ, ಬೆಳಿಗ್ಗೆ ಏಳಕ್ಕೆ ಇಂಜಿನ್ನಿನ ಪಕ್ಕೆಗೆ ಅಂಗೈ ಒತ್ತಿ ನೋಡುವುದು. ಒಂದು ಚಿಕ್ಕ ಹೀಟರು ಒಳಗಿನ ನೀರನ್ನು ಬೆಚ್ಚಗಿಡುತ್ತಿತ್ತು. ಅದು ಕೈಕೊಟ್ಟರೆ ಆ ಚಳಿಗೆ ಆಯಿಲ್ಲು ಹರಳೆಣ್ಣೆಯಂತಾಗಿ, ಡೀಸೆಲ್ಲು ತುಪ್ಪದ ಹಾಗೆ ಹೆಪ್ಪುಗಟ್ಟಿ, ಬೇಕಾದ ಹೊತ್ತಿಗೆ ಇಂಜಿನ್ನು ಏಳುತ್ತಿರಲಿಲ್ಲ. ಸಣ್ಣ ಜ್ವರ ಬಂದ ಮಗುವಿನ ಮೈಯಷ್ಟು ಬಿಸಿ ಇದ್ದರೆ ಸಾಕು, ರಿಜಿಸ್ಟರಿನಲ್ಲಿ ‘ಬಿಸಿ ಇದೆ’ ಎಂದು ಬರೆಯುತ್ತಿದ್ದ. ಬಿಸಿ ತೋರಿಸುವ ಮೀಟರು ಕೆಟ್ಟು ಎಷ್ಟೋ ವರ್ಷವಾಗಿತ್ತು. ಇವನ ಕೈ ಇರುವಾಗ ಮೀಟರು ಯಾಕೆ ಅಂತ ಯಾರೂ ರಿಪೇರಿ ಮಾಡಿಸಿರಲಿಲ್ಲ.

ಆ ವರ್ಷ ಆ ಕೈಯೇ ಸತ್ತುಹೋಗಿತ್ತು. ಸಕ್ಕರೆ ಕಾಯಿಲೆ ಹಳೆಯದು. ಮೊದಲು ಬೆರಳ ತುದಿಗೆ ಜೋಮು ಹಿಡಿಯಿತು, ಆಮೇಲೆ ಅಂಗೈಗೆಲ್ಲ. ಎಡಗೈಯೂ ಅದೇ ದಾರಿ ಹಿಡಿಯಿತು. ವಿಷಯ ಗೊತ್ತಿದ್ದುದು ಹೆಂಡತಿಗೆ ಮಾತ್ರ. ಅವಳು ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಳು.

“ಡಾಕ್ಟರಿಗೆ ಹೇಳಿ ಅಂದ್ರೆ ಕೇಳಲ್ಲ ನೀವು.”

“ಹೇಳಿದ್ರೆ ನಾಳೆಯಿಂದ ಗೇಟಲ್ಲಿ ಕೂರಿಸ್ತಾರೆ. ಗಾಡಿ ಅಲ್ಲಿ ನಿಲ್ಸಿ, ಇಲ್ಲಿ ನಿಲ್ಸಿ ಅಂತ ಕೈ ಬೀಸ್ಕೊಂಡು.”

“ಅದೂ ಒಂದು ಕೆಲಸಾನೇ ರೀ.”

“ನಿನ್ನನ್ನ ಒಲೆ ಬಿಟ್ಟು ಬಂದು ಗೇಟಲ್ಲಿ ಕೂರು ಅಂದ್ರೆ ಕೂರ್ತೀಯಾ?”

ಆ ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು.

ಹೊಗೆಯಣ್ಣ ಒಂದು ಉಪಾಯ ಕಂಡುಕೊಂಡಿದ್ದ. ಯಾರೂ ಇಲ್ಲದಾಗ ಬಗ್ಗಿ ಇಂಜಿನ್ನಿಗೆ ಕೆನ್ನೆ ಒತ್ತುತ್ತಿದ್ದ. ಕೆನ್ನೆಗೆ ಇನ್ನೂ ಜೀವ ಇತ್ತು. ಒಂದು ದಿನ ಕಸ ಗುಡಿಸುವವಳು ಅದನ್ನು ನೋಡಿಬಿಟ್ಟಳು.

“ಏನಣ್ಣ, ಇಂಜಿನ್ನಿಗೆ ಮುದ್ದು ಮಾಡ್ತಿದ್ದೀಯಾ? ಅತ್ತಿಗೆಗೆ ಹೇಳ್ಲಾ?”

“ಹೇಳು. ಅವಳಿಗೂ ನೆಮ್ಮದಿ,” ಅಂದ. ಅವಳು ನಗುತ್ತಾ ಹೋದಳು. ಅವನಿಗೆ ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಮರುದಿನ ಬೆಳಿಗ್ಗೆ ಅವಳು ಪೊರಕೆ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಅವನು ಬಗ್ಗಲಿಲ್ಲ. ಅಂಗೈ ಇಟ್ಟ, ತೆಗೆದ. ‘ಬಿಸಿ ಇದೆ’ ಎಂದು ಬರೆದ.

ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಹೊರಗೆ ತಂತಿಗಳ ಮೇಲೆಲ್ಲ ಹಿಮ ಗಟ್ಟಿಯಾಗಿತ್ತು. ಮಹಡಿಯ ಮೇಲೆ ಒಬ್ಬ ದರ್ಜಿ ಉಸಿರಾಟದ ಯಂತ್ರದಲ್ಲಿದ್ದ. ಆ ಯಂತ್ರದ ಬ್ಯಾಟರಿ ಅರ್ಧ ಗಂಟೆಯಷ್ಟೇ ಬರುತ್ತಿತ್ತು. ಹೊಗೆಯಣ್ಣ ಗುಂಡಿ ಒತ್ತಿದ. ಇಂಜಿನ್ನು ಮುದುಕನ ಹಾಗೆ ಗೊರಗೊರ ಅಂದು ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದ. ಅದೇ ಗೊರಗೊರ. ಮೂರನೆಯ ಸಲ ಒತ್ತಲಿಲ್ಲ. ಹೀಗೇ ಒತ್ತುತ್ತಾ ಹೋದರೆ ಇಂಜಿನ್ನಿನ ಬ್ಯಾಟರಿಯೂ ನೆಲ ಕಚ್ಚುತ್ತದೆ ಎಂದು ಗೊತ್ತಿತ್ತು. ಬಗ್ಗಿ ಕೆನ್ನೆ ಇಟ್ಟ. ಬಾವಿಕಲ್ಲಿನಂತೆ ತಣ್ಣಗಿತ್ತು. ಹೀಟರು ಯಾವಾಗಲೋ ಸುಟ್ಟುಹೋಗಿತ್ತು.

ಭಯ ಆಗಬೇಕಿತ್ತು. ಆಗಲಿಲ್ಲ. ಕೈಗಾದದ್ದೇ ಎದೆಗೂ ಆಗಿರಬೇಕು ಅಂದುಕೊಂಡು ಅಡುಗೆಮನೆಗೆ ನಡೆದ.

“ಕುದಿಯೋ ನೀರು ಎಷ್ಟಿದೆ?”

ಹೆಂಡತಿ ಒಲೆಯತ್ತ ಕೈ ತೋರಿಸಿದಳು. ಇಬ್ಬರೂ ಸೇರಿ ಎರಡು ದೊಡ್ಡ ಪಾತ್ರೆ ಶೆಡ್ಡಿಗೆ ಹೊತ್ತು ತಂದರು. ಅವನು ಹಳೆಯ ಗೋಣಿಚೀಲ ಹರಿದು ಡೀಸೆಲ್ ಫಿಲ್ಟರಿಗೂ ಪೈಪಿಗೂ ಸುತ್ತಿದ. ಅವಳು ಸೌಟಿನಿಂದ ನೀರು ಸುರಿಯುತ್ತಾ ಹೋದಳು. ಗೋಣಿ ಜಾರದಂತೆ ಅವನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

“ಕೈ ತೆಗೀರಿ.”

“ಸುರಿ.”

“ಬೇಯ್ತಾ ಇದೆ ರೀ ಕೈ.”

“ನನಗೆ ಗೊತ್ತಾಗ್ತಿಲ್ಲ. ಸುರಿ ನೀನು.”

ಸುರಿದಳು. ನರ್ಸುಗಳ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಮಹಡಿಯ ಕಿಟಕಿಯಿಂದ ಬಗ್ಗಿ, ಯಂತ್ರದ ಬ್ಯಾಟರಿ ಇನ್ನು ಎಂಟೇ ನಿಮಿಷ ಅಂದರು. ಎರಡನೆಯ ಪಾತ್ರೆ ತಳ ಕಂಡಾಗ ಅವನು ಮೊಣಕೈಯಿಂದ ಗುಂಡಿ ಒತ್ತಿದ. ಗೊರಗೊರ. ಒಂದು ಕೆಮ್ಮು. ಬಿಳಿ ಹೊಗೆ. ಆಮೇಲೆ ಆ ಹಳೆಯ ಸದ್ದು, ಕಿವಿ ತುಂಬ. ಮೇಲೆ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ದರ್ಜಿಯ ಉಸಿರು ತಪ್ಪಲಿಲ್ಲ.

ಮಧ್ಯಾಹ್ನ ದೊಡ್ಡ ಸಿಸ್ಟರ್ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಶೆಡ್ಡಿಗೆ ಬಂದರು.

“ಬೆಳಿಗ್ಗೆ ಬಿಸಿ ಇದೆ ಅಂತ ಬರ್ದಿದ್ದೀರಿ. ಆಮೇಲೆ ಹೀಟರ್ ಸುಟ್ಟುಹೋಯ್ತಾ?”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನುಣುಚಿಕೊಳ್ಳಲು ಸಿಸ್ಟರೇ ಬಾಗಿಲು ತೆರೆದು ಕೊಟ್ಟಿದ್ದರು. ಹೆಂಡತಿ ಖಾಲಿ ಪಾತ್ರೆಯ ಅಂಚು ಹಿಡಿದು ನಿಂತಿದ್ದಳು.

“ಇಲ್ಲ ಸಿಸ್ಟರ್. ಬೆಳಿಗ್ಗೆ ಹೇಗಿತ್ತೋ ನನಗೆ ಗೊತ್ತಿಲ್ಲ. ಸುಮ್ನೆ ಬರೆದೆ. ಕೈಗೆ ತಿಳಿಯೋದು ನಿಂತು ಎರಡು ತಿಂಗಳಾಯ್ತು.”

ಸಿಸ್ಟರ್ ಅವನ ಕೈ ಹಿಡಿದು ತಿರುಗಿಸಿ ನೋಡಿದರು. ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಅವನನ್ನು ಒಳಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ಮುಲಾಮು ಹಚ್ಚಿದರು. ಆಮೇಲೆ ಒಂದು ಸೂಜಿ ತೆಗೆದರು.

“ಬೆರಳಿಗೆ ಚುಚ್ಚಿ ನೋಡ್ತೀನಿ. ಆ ಕಡೆ ತಿರುಗಿ ಯಜಮಾನ್ರೇ. ನೋವಾದಾಗ ಹೇಳಿ.”

ತಿರುಗಿದ. ಕಿಟಕಿಯಾಚೆ ಗೇಟು, ಅದರ ಪಕ್ಕ ಯಾರೂ ಕೂರದ ಒಂದು ಕಬ್ಬಿಣದ ಕುರ್ಚಿ, ಅದರ ಮೇಲೆ ನಾಲ್ಕು ಬೆರಳು ಹಿಮ. ಅದನ್ನೇ ನೋಡುತ್ತಾ ಕೂತ.

“ಯಾವಾಗ ಚುಚ್ತೀರಿ ಸಿಸ್ಟರ್?”

“ಆಯ್ತು,” ಅಂದರು ಅವರು, ಸೂಜಿಯನ್ನು ತಟ್ಟೆಯಲ್ಲಿಟ್ಟು. “ಐದು ಬೆರಳೂ ಆಯ್ತು.”